ಒಂದನೇ ಎದುರುದಾರರು

ನಸೀಮಾಳ ಕಸುಬಿಗೆ ಕೈಗಿಂತ ಕಾಲು ಮುಖ್ಯ. ಬಚ್ಚಲಿನ ಗೋಡೆಗೆ ಬೆನ್ನು ಕೊಟ್ಟು ಗಿಡ್ಡ ಮಣೆಯ ಮೇಲೆ ಕೂರಬೇಕು. ಎರಡೂ ಕಾಲು ನೀಡಬೇಕು. ಜೋಡಿಸಿದ ಮುಂಗಾಲುಗಳ ನಡುವೆ ಆಗುವ ಸಣ್ಣ ತಗ್ಗಿನಲ್ಲಿ ಕೂಸನ್ನು ಮಲಗಿಸಿಕೊಳ್ಳಬೇಕು, ತಲೆ ಪಾದದ ಕಡೆಗೆ, ಪುಟ್ಟ ಕಾಲುಗಳು ತನ್ನ ಹೊಟ್ಟೆಯ ಕಡೆಗೆ. ಎಣ್ಣೆ ಸವರಿದ ಕೂಸು ಮೀನಿನ ಹಾಗೆ ಜಾರುತ್ತದೆ. ಯಾವಾಗ ಕಾಲು ಹತ್ತಿರ ತರಬೇಕು, ಬೆನ್ನಿಗೆ ನೀರು ಹುಯ್ಯುವಾಗ ಎಷ್ಟು ಸಡಿಲಿಸಬೇಕು ಎನ್ನುವುದನ್ನು ಅವಳು ಅತ್ತೆಯಿಂದ ಕಲಿತಿದ್ದಳು. ಇಪ್ಪತ್ತಾರು ವರ್ಷಗಳಲ್ಲಿ ಒಂದು ಕೂಸನ್ನೂ ಅವಳು ಬೀಳಿಸಿಲ್ಲ.

ಆಲ್ಕೊಳದ ಸುತ್ತಮುತ್ತ ಬಾಣಂತಿ ಇರುವ ಮನೆಯವರು ಅವಳನ್ನೇ ಕರೆಯುತ್ತಿದ್ದರು. ಸಾಬರ ಮನೆಗಳಲ್ಲಿ ನಸೀಮಾಬಿ, ಉಳಿದವರ ಮನೆಗಳಲ್ಲಿ ನಸೀಮಕ್ಕ. ಮೊದಲ ತಂಬಿಗೆ ಹುಯ್ಯುವಾಗ ಅವಳು ತುಟಿಯಲ್ಲೇ ಬಿಸ್ಮಿಲ್ಲಾ ಅನ್ನುತ್ತಿದ್ದಳು. ಬಾಗಿಲಲ್ಲಿ ನಿಂತ ಅಜ್ಜಿಯೂ ತನ್ನ ದೇವರ ಹೆಸರು ಹೇಳುತ್ತಿದ್ದಳು. ಇಬ್ಬರಿಗೂ ಅದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. ಇಷ್ಟು ಕೊಡಿ ಎಂದು ನಸೀಮಾ ಯಾರನ್ನೂ ಕೇಳಿದವಳಲ್ಲ. ನಲವತ್ತು ದಿನ ನೀರು ಹಾಕಿ ಮುಗಿಸಿದ ಮೇಲೆ ಸೀರೆ, ಅಕ್ಕಿ, ತೆಂಗಿನಕಾಯಿ ಮತ್ತು ಲಕೋಟೆಯಲ್ಲಿ ಒಂದಷ್ಟು ಹಣ ಕೊಡುತ್ತಿದ್ದರು. ಅದಕ್ಕೆ ರಸೀದಿ ಎನ್ನುವುದೊಂದು ಬೇಕಾಗುತ್ತದೆ ಎಂದು ಅವಳಿಗೆ ಗೊತ್ತಾದದ್ದು ಬಹಳ ತಡವಾಗಿ.

ಗಂಡ ದಸ್ತಗೀರ್ ಆಲ್ಕೊಳ ಸರ್ಕಲ್ಲಿನ ಹತ್ತಿರ ಸ್ಕೂಟರ್ ರಿಪೇರಿ ಗ್ಯಾರೇಜು ಇಟ್ಟಿದ್ದ. ಹಳೆಯ ಗಾಡಿಗಳನ್ನು ತನ್ನ ಹೆಸರಿಗೆ ಕೊಂಡು, ಬಿಚ್ಚಿ, ತೊಳೆದು, ಬಣ್ಣ ಹೊಡೆಸಿ ಮಾರುವುದು ಅವನ ಎರಡನೆಯ ದಂಧೆ. ಮಾರುವುದಕ್ಕೆ ಅವನದೊಂದು ಕ್ರಮವಿತ್ತು. ಹಣ ಕೈಗೆ ಬಂದ ಕೂಡಲೇ ಬೀಗದ ಕೈ, ಆರ್‌ಸಿ, ಹೆಸರು ಬದಲಾಯಿಸುವ ಎರಡು ಫಾರಂಗಳು, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡುತ್ತಿದ್ದ. ಫಾರಂಗಳಿಗೆ ಅವನ ಸಹಿ ಇರುತ್ತಿತ್ತು, ತಾರೀಖು ಇರುತ್ತಿರಲಿಲ್ಲ. ಅದು ಅವನು ಗಿರಾಕಿಗೆ ಮಾಡುತ್ತಿದ್ದ ಉಪಕಾರ. ತಾರೀಖು ಹಾಕಿದರೆ ಇಷ್ಟು ದಿನದೊಳಗೆ ಆರ್‌ಟಿಓ ಆಫೀಸಿಗೆ ಓಡಬೇಕು, ತಡವಾದರೆ ದಂಡ. ಖಾಲಿ ಬಿಟ್ಟರೆ ಕೊಂಡವನು ಕೈ ಬಿಡುವಾದಾಗ ಹೋಗಿ ತುಂಬಿಸಿಕೊಳ್ಳಬಹುದು. ಈ ಕಾರಣಕ್ಕೇ ದಸ್ತಗೀರಣ್ಣನ ಹತ್ತಿರ ಗಾಡಿ ಕೊಂಡರೆ ತಕರಾರಿಲ್ಲ ಎಂಬ ಹೆಸರು ಬಂದಿತ್ತು.

ಆ ಹೆಸರು ಕೇಳಿ ಬಂದವರಲ್ಲಿ ಭದ್ರಾವತಿಯ ಪುಟ್ಟಣ್ಣನೂ ಒಬ್ಬ. ಕಾರ್ಖಾನೆಯ ಗುತ್ತಿಗೆ ಕೆಲಸ ತಪ್ಪಿದ ಮೇಲೆ ಅವನು ಅಲ್ಲಿಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಮೊಳೆ, ತಂತಿ ತೂಗುವ ಕೆಲಸಕ್ಕೆ ಸೇರಿದ್ದ. ದಸ್ತಗೀರನಿಂದ ಒಂದು ಬೂದು ಬಣ್ಣದ ಸ್ಕೂಟರ್ ಕೊಂಡು ಮೂರು ವರ್ಷವಾಗಿತ್ತು. ತಿಂಗಳಿಗೊಮ್ಮೆ ಎಂಜಿನ್ ಸದ್ದಿನ ನೆಪದಲ್ಲಿ ಗ್ಯಾರೇಜಿಗೆ ಬಂದು, ಚಹಾ ಕುಡಿದು, ಹರಟಿ ಹೋಗುತ್ತಿದ್ದ. ಅವನ ಮಗಳು ತನುಜಾ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡು ಕೂಸು. ಹನ್ನೊಂದನೆಯ ದಿನದ ನೀರು ನಸೀಮಕ್ಕನ ಕೈಯಿಂದಲೇ ಆಗಬೇಕು ಎಂದು ಪುಟ್ಟಣ್ಣನಿಗೆ ಹಟ. ಬೆಳಿಗ್ಗೆ ಏಳೂವರೆಗೆ ಅವನೇ ಕರೆದುಕೊಂಡು ಹೋಗಲು ಬಂದ. ನಸೀಮಾ ಬಸ್ಸಿಗೆ ಹೋಗುವೆನೆಂದಳು. ಬಸ್ಸಿಗೆ ಕಾದರೆ ಕೂಸಿನ ಹೊತ್ತು ಮೀರುತ್ತದೆ, ನಮ್ಮದೇ ಗಾಡಿ, ಬ್ರೇಕು ಮೊನ್ನೆ ನಾನೇ ನೋಡಿದ್ದೇನೆ, ಕೂತುಕೋ ಎಂದು ದಸ್ತಗೀರನೇ ಕೂರಿಸಿದ.

ಮಲವಗೊಪ್ಪದ ಹತ್ತಿರ ರಸ್ತೆಯ ಪಕ್ಕ ಜಲ್ಲಿ ರಾಶಿ ಹಾಕಿದ್ದರು. ಕೂಸಿಗೆ ಯಾವ ಎಣ್ಣೆ ಒಳ್ಳೆಯದು ಎಂದು ಕೇಳುತ್ತಾ ಪುಟ್ಟಣ್ಣ ಹಿಂದಕ್ಕೆ ತಿರುಗಿದ. ಕೊಬ್ಬರಿ ಎಣ್ಣೆ ಎಂದು ಹೇಳುವಷ್ಟರಲ್ಲಿ ನಸೀಮಾ ನೆಲದ ಮೇಲಿದ್ದಳು. ಸ್ಕೂಟರ್ ಅವಳ ಬಲಗಾಲಿನ ಮೇಲಿತ್ತು. ಗಾಡಿಯನ್ನು ಎತ್ತಿ ಎಸೆದು, ಅಳುತ್ತಾ, ಅವಳನ್ನು ಎರಡೂ ಕೈಯಲ್ಲಿ ಹೊತ್ತು ರಸ್ತೆಯ ನಡುವೆ ನಿಂತು ಹೋಗುವ ಗಾಡಿಗಳನ್ನು ತಡೆದವನೂ ಪುಟ್ಟಣ್ಣನೇ. ಅವನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ಮೊಣಕಾಲಿನ ಕೆಳಗೆ ಮೂಳೆ ಎರಡು ಕಡೆ ಮುರಿದಿತ್ತು. ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಸರ್ಕಾರಿ ಕಾರ್ಡಿನ ಮೇಲೆ ಆಪರೇಷನ್ ಮಾಡಿ ರಾಡು ಹಾಕಿದರು. ಮರುದಿನ ಪುಟ್ಟಣ್ಣ ಹಾಲು, ಬ್ರೆಡ್ಡು ಹಿಡಿದು ಬಂದು ಮಂಚದ ಕಾಲ ಬಳಿ ನಿಂತ. ಗಾಡಿಗೆ ಇನ್ಶೂರೆನ್ಸ್ ಇದೆಯಲ್ಲ, ಅದರಲ್ಲಿ ಬರುತ್ತದೆ ಬಿಡು ಎಂದು ದಸ್ತಗೀರ್ ಸಮಾಧಾನ ಹೇಳಿದ. ಪುಟ್ಟಣ್ಣ ಬ್ರೆಡ್ಡಿನ ಕವರನ್ನು ತಿರುವುತ್ತಾ ನಿಂತ. ಆಮೇಲೆ ಮೆಲ್ಲಗೆ ಹೇಳಿದ: ಇನ್ಶೂರೆನ್ಸ್ ಮುಗಿದು ಒಂದು ವರ್ಷದ ಮೇಲಾಗಿದೆ. ಹೆಸರು ಬದಲಾಯಿಸಿಕೊಂಡು ಒಟ್ಟಿಗೇ ಕಟ್ಟೋಣ ಎಂದುಕೊಂಡಿದ್ದೆ. ಹೆಸರು ಬದಲಾಯಿಸಲು ಹೊತ್ತೇ ಸಿಗಲಿಲ್ಲ.

“ಹಂಗಾದ್ರೆ ಗಾಡಿ ಈಗ ಯಾರ ಹೆಸರಲ್ಲಿದೆ?” ಎಂದು ದಸ್ತಗೀರ್ ಕೇಳಿದ.

“ನಿಮ್ಮ ಹೆಸರಲ್ಲೇ ಐತಲ್ಲ ಅಣ್ಣ.”

ನೋವಿನ ಮದ್ದಿನ ಮಂಪರಿನಲ್ಲಿದ್ದ ನಸೀಮಾಳಿಗೆ ಇದರಲ್ಲಿ ಗಾಬರಿಯಾಗುವಂಥದ್ದೇನಿದೆ ಎಂದು ತಿಳಿಯಲಿಲ್ಲ. ಗಂಡನ ಮುಖ ಮಾತ್ರ ಗೋಡೆಯ ಸುಣ್ಣದಂತಾದದ್ದು ಕಂಡಿತು.

ದಾರಿ ಹುಡುಕಿದವನು ಮೈದುನ ಜಮ್ಶೀದ್. ಅವನು ಆಟೋ ಓಡಿಸುವವನು, ಸ್ಟ್ಯಾಂಡಿನಲ್ಲಿ ಹತ್ತು ಜನರ ಮಾತು ಕೇಳಿ ಬಂದಿದ್ದ. ಗುರುತು ಸಿಗದ ಗಾಡಿ ಹೊಡೆದು ಹೋದರೆ ಸರ್ಕಾರವೇ ಐವತ್ತು ಸಾವಿರ ಕೊಡುತ್ತದಂತೆ. ಹಿಂದಿನಿಂದ ಲಾರಿಯೊಂದು ತಗುಲಿಸಿ ಹೋಯಿತು, ನಂಬರ್ ನೋಡಲಿಲ್ಲ ಎಂದರೆ ಮುಗಿಯಿತು. “ಭೈಯಾಂದೂ ಹೆಸರು ಬರಲ್ಲ, ಪುಟ್ಟಣ್ಣಂದೂ ಬರಲ್ಲ. ಯಾರಿಗೆ ಲುಕ್ಸಾನು ಹೇಳಿ ಭಾಭಿ?” ಎಂದ.

ನಸೀಮಾ ಯೋಚಿಸಿದಳು. ನಿಜವಾಗಿಯೂ ಯಾರಿಗೂ ಲುಕ್ಸಾನಿರಲಿಲ್ಲ. ಇಲ್ಲದ ಲಾರಿ, ಇಲ್ಲದ ಡ್ರೈವರ್. ಹೇಳಲು ಬಂದವನು ಸ್ವಂತ ಮೈದುನ, ಮಂಚದ ಬಳಿ ತಲೆ ತಗ್ಗಿಸಿ ನಿಂತವನು ಸ್ವಂತ ಗಂಡ. ಇಷ್ಟೊಂದು ಜನರಿಗೆ ಒಳ್ಳೆಯದಾಗುವ ಮಾತು ಯಾಕೆ ಬಾಯಿಗೆ ಬರುತ್ತಿಲ್ಲ ಎಂದು ಅವಳಿಗೇ ಅರ್ಥವಾಗಲಿಲ್ಲ. ಮಧ್ಯಾಹ್ನ ಹೆಡ್ ಕಾನ್‌ಸ್ಟೇಬಲ್ ಧರ್ಮಪ್ಪ ಹೇಳಿಕೆ ಬರೆದುಕೊಳ್ಳಲು ಬಂದು, ಸ್ಟೂಲಿನ ಮೇಲೆ ಕೂತು, ಹೇಗಾಯಿತಮ್ಮ ಎಂದು ಕೇಳಿದರು. ಜಮ್ಶೀದ್ ಬಾಗಿಲಲ್ಲಿ ನಿಂತು ಕಣ್ಣಲ್ಲೇ ನೆನಪಿಸಿದ. ಅವಳಿಗೆ ಆ ಗಳಿಗೆಯಲ್ಲಿ ಕಂಡದ್ದು ತನ್ನನ್ನು ಹೊತ್ತುಕೊಂಡು ನಿಂತಿದ್ದ ಪುಟ್ಟಣ್ಣ, ಅವನ ಅಂಗಿಯ ಬೆವರಿನ ವಾಸನೆ, “ನಸೀಮಕ್ಕ, ನಸೀಮಕ್ಕ” ಎಂಬ ಅವನ ಅಳು. ಲಾರಿ ಹೊಡೆಯಿತು ಎಂದರೆ ಅವನು ಬೀಳಿಸಿದ್ದು ಸುಳ್ಳಾಗುತ್ತದೆ. ಬೀಳಿಸಿದ್ದು ಸುಳ್ಳಾದರೆ ಎತ್ತಿಕೊಂಡಿದ್ದನ್ನು ಎಲ್ಲಿಡುವುದು?

“ಲಾರಿ ಇರ್ಲಿಲ್ಲ ಸಾರ್,” ಎಂದಳು. ಧರ್ಮಪ್ಪ ಲಾರಿಯ ಸುದ್ದಿಯನ್ನೇ ಎತ್ತಿರಲಿಲ್ಲವಾದ್ದರಿಂದ ಅವರು ತಲೆಯೆತ್ತಿ ನೋಡಿದರು. “ಪುಟ್ಟಣ್ಣೋರು ತಿರುಗಿ ನನ್ನ ಹತ್ರ ಮಾತಾಡ್ತಿದ್ರು. ಜಲ್ಲಿ ಮೇಲೆ ಹತ್ತಿ ಬಿದ್ವಿ. ಗಾಡಿ ಪುಟ್ಟಣ್ಣೋರದ್ದು. ಅಲ್ಲ, ನಮ್ಮೋರದ್ದು. ಅದು ನನಗೆ ಸರಿಯಾಗಿ ಗೊತ್ತಿಲ್ಲ.”

ಜಮ್ಶೀದ್ ಎರಡು ತಿಂಗಳು ಅವಳೊಂದಿಗೆ ಮಾತು ಬಿಟ್ಟ. ದಸ್ತಗೀರ್ ಮಾತು ಬಿಡಲಿಲ್ಲ, ಆದರೆ ಆ ವಿಷಯ ಎತ್ತಲೂ ಇಲ್ಲ.

ಕಾಲು ನೆಟ್ಟಗಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತೇನೋ. ನಾಲ್ಕು ತಿಂಗಳ ಮೇಲಿನ ಎಕ್ಸ್-ರೇ ನೋಡಿ ಡಾಕ್ಟರು ಮೂಳೆ ಕೂಡಿಲ್ಲ ಎಂದರು. ಸೊಂಟದ ಮೂಳೆಯ ಚೂರು ತೆಗೆದಿಟ್ಟು ಬೇರೆ ರಾಡು ಹಾಕಬೇಕು, ಆ ರಾಡು ಕಾರ್ಡಿನಲ್ಲಿ ಬರುವುದಿಲ್ಲ, ಒಂದು ಲಕ್ಷದ ಮೇಲೆ ಆಗುತ್ತದೆ. ಮಾಡಿಸದಿದ್ದರೆ ಕೋಲು ಹಿಡಿದು ನಡೆಯಬಹುದು. ಕಾಲು ನೀಡಿ ಕೂತು ಅದರ ಮೇಲೆ ಭಾರ ಹೊರಲಾಗದು. ಒಂದು ಕೂಸಿನ ಭಾರವನ್ನೂ ಹೊರಲಾಗದೆ ಎಂದು ನಸೀಮಾ ಕೇಳಿದಳು. ಡಾಕ್ಟರು ಅವಳ ಕಸುಬು ಗೊತ್ತಿಲ್ಲದೆ, ಈ ವಯಸ್ಸಿನಲ್ಲಿ ನಿಮಗ್ಯಾಕಮ್ಮ ಕೂಸು ಎಂದು ನಕ್ಕರು.

ಹೀಗಾಗಿ ದುರ್ಗಿಗುಡಿಯ ವಕೀಲೆ ಸಮತಾ ಅವರ ಆಫೀಸಿನ ಮೆಟ್ಟಿಲು ಹತ್ತಬೇಕಾಯಿತು. ಆ ವಕೀಲೆಯ ಮಗಳಿಗೆ ಹಿಂದೆ ನಸೀಮಾಳೇ ನೀರು ಹಾಕಿದ್ದಳು. ಮೊದಲ ಮಹಡಿ, ಕಡಿದಾದ ಮೆಟ್ಟಿಲು. ದಸ್ತಗೀರ್ ಅವಳನ್ನು ಅರ್ಧ ಎತ್ತಿಕೊಂಡೇ ಮೇಲೆ ತಂದ. ಸಮತಾ ಕಾಗದಗಳನ್ನೆಲ್ಲ ನೋಡಿ, ಆರ್‌ಸಿಯ ನಕಲಿನ ಮೇಲೆ ಬೆರಳಿಟ್ಟು, ದಸ್ತಗೀರನನ್ನು ಸ್ವಲ್ಪ ಹೊರಗಿನ ಬೆಂಚಿನ ಮೇಲೆ ಕೂರಲು ಹೇಳಿದರು.

“ಯಾಕೆ ಮೇಡಂ? ಅವರಿಗಿಂತ ಚೆನ್ನಾಗಿ ನನಗೆ ಹೇಳೋಕೆ ಬರಲ್ಲ.”

“ಕೇಸು ಅವರ ಮೇಲೇ ಹಾಕಬೇಕು ನಸೀಮಕ್ಕ. ಗಾಡಿ ಯಾರ ಹೆಸರಲ್ಲಿದೆಯೋ ಅವರು ಒಂದನೇ ಎದುರುದಾರರು. ಓಡಿಸ್ತಿದ್ದ ಪುಟ್ಟಣ್ಣ ಎರಡನೇ ಎದುರುದಾರರು. ಇನ್ಶೂರೆನ್ಸ್ ಕಂಪನಿ ಇದ್ದಿದ್ರೆ ಅದು ಮೂರನೇದು ಆಗ್ತಿತ್ತು, ಕೊಡೋದೂ ಅದೇ ಆಗ್ತಿತ್ತು. ಅದು ಇಲ್ಲ.”

ನಸೀಮಾ, ಅವರು ಗಾಡಿ ಮಾರಿದ್ದಾರೆ, ಹಣವೂ ತೆಗೆದುಕೊಂಡಿದ್ದಾರೆ, ಹಾಗಿದ್ದ ಮೇಲೆ ಅದು ಅವರದ್ದು ಹೇಗಾಯಿತು ಎಂದು ಕೇಳಿದಳು. ರಸೀದಿ ಇದೆಯೇ ಎಂದು ಸಮತಾ ಕೇಳಿದರು. ಇಲ್ಲ. ತಾರೀಖು ಹಾಕಿದ ಫಾರಂ? ಅದು ಖಾಲಿ. ಹಾಗಾದರೆ ಕಾನೂನಿಗೆ ಮಾರಾಟವೇ ಆಗಿಲ್ಲ ಎಂದರು. ಮನೆ, ಮದುವೆ, ಸ್ನೇಹ ಯಾವುದನ್ನೂ ಕೋರ್ಟು ನೋಡುವುದಿಲ್ಲ, ಆರ್‌ಸಿಯ ಮೇಲಿನ ಹೆಸರನ್ನು ನೋಡುತ್ತದೆ. ಗಂಡನ ಹೆಸರು ಬಿಟ್ಟು ಪುಟ್ಟಣ್ಣನ ಮೇಲೆ ಮಾತ್ರ ಹಾಕಬಹುದೇ ಎಂದರೆ, ಗಾಡಿಯ ಮಾಲೀಕರನ್ನು ಬಿಟ್ಟ ಅರ್ಜಿ ನಿಲ್ಲುವುದು ಕಷ್ಟ ಎಂದರು. ಆರು ತಿಂಗಳೊಳಗೆ ಅರ್ಜಿ ಹಾಕಬೇಕು, ಅದರಲ್ಲಿ ಐದು ಆಗಲೇ ಕಳೆದಿವೆ.

ಕೆಳಗಿಳಿಯುವಾಗಲೂ ದಸ್ತಗೀರನೇ ಅವಳನ್ನು ಎತ್ತಿಕೊಂಡ. ಮೂರನೆಯ ಮೆಟ್ಟಿಲಿನಲ್ಲಿ ಅವಳು ಅವನಿಗೆ ವಿಷಯ ಹೇಳಿದಳು. ಅವನು ನಿಂತುಬಿಟ್ಟ, ಅವಳನ್ನು ಕೆಳಗಿಡಲೂ ಇಲ್ಲ. ಜೀವಮಾನದಲ್ಲಿ ಒಂದು ಸಲವೂ ಪೊಲೀಸ್ ಠಾಣೆ ಹತ್ತದ ಮನುಷ್ಯ ಅವನು. ಕೊನೆಗೆ, “ಹಾಕು. ನನ್ನ ಮೇಲೆ ಹಾಕದೆ ಇನ್ಯಾರ ಮೇಲೆ ಹಾಕ್ತೀಯ, ನಾನೇ ಅಲ್ವಾ ಕೂರಿಸಿದ್ದು,” ಎಂದ.

ಅಲ್ಲಿಂದ ಮುಂದಿನದು ಅವಳಿಗೆ ಒಂದೊಂದೂ ಹೊಸದು. ಒಂದನೇ ಎದುರುದಾರರಿಗೆ ಕೋರ್ಟಿನ ನೋಟಿಸು ಬಂದ ದಿನ ದಸ್ತಗೀರ್ ಗ್ಯಾರೇಜಿನಲ್ಲಿದ್ದ. ಪೋಸ್ಟ್‌ಮ್ಯಾನ್ ಮನೆಯಲ್ಲಿ ಯಾರಾದರೂ ಸಹಿ ಹಾಕಿ ಎಂದ. ನಸೀಮಾ ಕೋಲೂರಿಕೊಂಡು ಬಂದು, ಕನ್ನಡದಲ್ಲಿ ಚೆಂದವಾಗಿ ಸಹಿ ಹಾಕಿ, ಲಕೋಟೆಯನ್ನು ಅಕ್ಕಿ ಡಬ್ಬಿಯ ಮೇಲಿಟ್ಟಳು. ಅರ್ಜಿ ಹಾಕಿದವಳೇ ಎದುರುದಾರನ ನೋಟಿಸು ಬಿಡಿಸಿಕೊಂಡಿದ್ದಾಳೆ ಎಂದು ಕೋರ್ಟಿನಲ್ಲಿ ಗುಮಾಸ್ತರು ಎತ್ತಿ ತೋರಿಸಿದಾಗ ಸಮತಾ ಹಣೆ ಹಿಡಿದುಕೊಂಡರು. ಮತ್ತೊಮ್ಮೆ ನೋಟಿಸು ಕಳಿಸಬೇಕಾಯಿತು. ಎರಡನೆಯ ಸಲ ಪೋಸ್ಟ್‌ಮ್ಯಾನ್ ಬಾಗಿಲು ತಟ್ಟಿದಾಗ ನಸೀಮಾ ಒಳಗೇ ಕೂತು, ಮನೆಯಲ್ಲಿ ನಾನಿಲ್ಲ, ಗ್ಯಾರೇಜಿಗೆ ಹೋಗಿ ಎಂದು ಕೂಗಿ ಹೇಳಿದಳು.

ಇಷ್ಟರಲ್ಲಿ ಪುಟ್ಟಣ್ಣನ ಬರವು ನಿಂತಿತ್ತು. ಅವನ ಭಾವಮೈದುನ ಯಾರೋ, ಕಾಗದದ ಪ್ರಕಾರ ನಿನಗೂ ಆ ಗಾಡಿಗೂ ಸಂಬಂಧವೇ ಇಲ್ಲ, ಬಾಯಿ ಬಿಡಬೇಡ ಎಂದು ಬುದ್ಧಿ ಹೇಳಿದ್ದನಂತೆ. ಕೋರ್ಟಿಗೆ ಅವನು ಕೊಟ್ಟ ಉತ್ತರದಲ್ಲಿ, ಗಾಡಿ ದಸ್ತಗೀರರದು, ಅವರು ಹೇಳಿದ್ದಕ್ಕೆ ನಾನು ಓಡಿಸುತ್ತಿದ್ದೆ ಅಷ್ಟೆ ಎಂದಿತ್ತು. ಸಮತಾ ಅದನ್ನು ಓದಿ ಹೇಳಿದಾಗ ನಸೀಮಾಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಗೊಂದಲ. ಕಾಗದ ಅವನ ಮಾತಿನಂತೆಯೇ ಇತ್ತು. ನೆನಪು ಬೇರೆ ಇತ್ತು. ಕೋರ್ಟಿನಲ್ಲಿ ಯಾವುದನ್ನು ನಿಜ ಅನ್ನುತ್ತಾರೆ ಎಂದು ಅವಳು ಕೇಳಿದಳು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ, ನಿಮಗೆ ಗೊತ್ತಿರುವುದನ್ನು ಹೇಳಿ ಎಂದರು ಸಮತಾ.

ಕಟಕಟೆಯಲ್ಲಿ ಕೋಲು ಹಿಡಿದು ನಿಂತ ದಿನ ಪುಟ್ಟಣ್ಣನ ವಕೀಲರು ಮೊದಲು ಅವಳ ಸಂಪಾದನೆಯನ್ನು ಹಿಡಿದುಕೊಂಡರು. ತಿಂಗಳಿಗೆ ಎಷ್ಟು, ಯಾರು ಕೊಡುತ್ತಾರೆ, ಬ್ಯಾಂಕಿಗೆ ಬರುತ್ತದೆಯೇ, ರಸೀದಿ ಇದೆಯೇ. ಒಂದು ವರ್ಷ ಹನ್ನೆರಡು ಕೂಸು, ಒಂದು ವರ್ಷ ಎಂಟು, ಅದು ಅಲ್ಲಾಹನ ಲೆಕ್ಕ, ನನ್ನದಲ್ಲ ಎಂದಳು. ಆಮೇಲೆ ಅವರು ಒಂದನೇ ಎದುರುದಾರರ ಕಡೆ ಕೈ ತೋರಿಸಿ, ಇವರು ನಿಮಗೆ ಏನಾಗಬೇಕು ಎಂದರು.

“ನಮ್ಮ ಯಜಮಾನ್ರು.”

“ಅವರ ಜೊತೆಗೇ ವಾಸ ಇದ್ದೀರಾ?”

“ಅವರಿಗೇ ಅನ್ನ ಸಾರು ಮಾಡಿಟ್ಟು ಬಂದೀನಿ.”

ಹಿಂದಿನ ಬೆಂಚುಗಳಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ, ಬರೆದುಕೊಂಡರು. ಗಾಡಿಯಲ್ಲಿ ಕೂರಲು ಹೇಳಿದ್ದು ಯಾರು? ಯಜಮಾನರು. ಆ ದಿನ ಅದು ಯಾರ ಗಾಡಿ ಎಂದು ನಿಮ್ಮ ಯಜಮಾನರು ಹೇಳಿದರು? ನಸೀಮಾ ಗಂಡನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ನಮ್ಮದೇ ಗಾಡಿ ಎಂದರು ಎಂದು ಹೇಳಿದಳು. ವಕೀಲರು ಸಾಕು ಎಂದು ಕೂತರು. ಅವಳು ಕಟಕಟೆ ಬಿಡಲಿಲ್ಲ. ಅಡಿಕೆ ಮಂಡಿಯವನು ತೂಗಿ ಕೊಟ್ಟ ಮೇಲೂ ನಮ್ಮದೇ ಅಡಿಕೆ ಅನ್ನುತ್ತಾನೆ, ಇವರದೂ ಹಾಗೆಯೇ, ಬಾಯಿ ಮಾತು ಎಂದಳು. ಅದನ್ನು ಬರೆದುಕೊಂಡರೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ.

ತೀರ್ಪು ಬರುವಾಗ ಎರಡು ವರ್ಷದ ಮೇಲಾಗಿತ್ತು. ಬಡ್ಡಿ ಸೇರಿ ಎರಡು ಲಕ್ಷದ ಎಂಬತ್ತು ಸಾವಿರ. ಎದುರುದಾರರಿಬ್ಬರೂ ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ ಹೊಣೆ ಎಂದು ಬರೆದಿತ್ತು. ಇಬ್ಬರೂ ಅಷ್ಟಷ್ಟು ಕೊಟ್ಟರೆ ಎರಡರಷ್ಟು ಆಗುವುದಿಲ್ಲವೇ ಎಂದು ನಸೀಮಾ ಕೇಳಿದಳು. ಇಲ್ಲ, ಒಟ್ಟು ಅಷ್ಟೇ, ಯಾರಿಂದ ಬೇಕಾದರೂ ವಸೂಲಿ ಮಾಡಬಹುದು, ಪೂರಾ ಪುಟ್ಟಣ್ಣನಿಂದಲೇ ಮಾಡಬಹುದು, ಸಂಬಳ ಜಪ್ತಿಗೆ ಅರ್ಜಿ ಹಾಕೋಣ ಎಂದರು ಸಮತಾ. ಪುಟ್ಟಣ್ಣನ ಕಡೆಯಿಂದ ಬಂದ ಮಾತು ಬೇರೆ: ಗಾಡಿಯ ಮಾಲೀಕರು ಮೊದಲು ತಮ್ಮ ಅರ್ಧ ಕಟ್ಟಲಿ, ಅವರು ಕಟ್ಟಿದ ದಿನವೇ ನನ್ನ ಅರ್ಧ ಕಟ್ಟುತ್ತೇನೆ. ಹೆಂಡತಿ ಕೇಸು ಹಾಕಿ, ಗಂಡ ಕೈ ಕಟ್ಟಿ ಕೂತು, ಇಬ್ಬರೂ ಸೇರಿ ನನ್ನ ಸಂಬಳ ತಿನ್ನುವುದಾದರೆ ನಾನೂ ವರ್ಷಗಟ್ಟಲೆ ಎಳೆಯುತ್ತೇನೆ.

ಈ ಮಾತು ದಸ್ತಗೀರನಿಗೆ ನಾಟಿತು. ವ್ಯಾಪಾರದ ಮನುಷ್ಯ ಅವನು, ನೀನು ಕೊಟ್ಟರೆ ನಾನು ಕೊಡುತ್ತೇನೆ ಎಂಬ ಮಾತು ಅವನಿಗೆ ನ್ಯಾಯವಾಗಿಯೇ ಕಂಡಿತು. ಅವನು ಅರ್ಧ ಕಟ್ಟುತ್ತೇನೆಂದ. ಹಾಗೆ ಕಟ್ಟಿದ ಹಣ ಎಲ್ಲಿಗೆ ಹೋಗುತ್ತದೆ ಎಂದು ನಸೀಮಾ ಕೇಳಿದಳು. ಕೋರ್ಟಿಗೆ. ಕೋರ್ಟಿನಿಂದ? ನಿನಗೆ.

“ಅದೇ ದುಡ್ಡನ್ನ ಸೀದಾ ಆಸ್ಪತ್ರೆಗೆ ಕೊಟ್ಟುಬಿಡಿ,” ಎಂದಳು ಅವಳು.

“ಆಗ ಅದು ಗಂಡ ಹೆಂಡ್ತಿಗೆ ಖರ್ಚು ಮಾಡಿದ್ದು ಆಗ್ತದೆ. ಪುಟ್ಟಣ್ಣಂಗೆ ಅದು ಲೆಕ್ಕಕ್ಕಿಲ್ಲ. ನಾನು ಎದುರುದಾರ ಆಗಿ ಕಟ್ಟಬೇಕು.”

ಅವಳು ಕಿವಿಯ ಓಲೆ ಬಿಚ್ಚಿ ಅವನ ಮುಂದಿಟ್ಟಳು. ಅವನು ಮೊದಲ ಬಾರಿಗೆ ದನಿ ಏರಿಸಿದ. “ನಿನ್ನ ಚಿನ್ನ ಮಾರಿ ನಿನಗೆ ಪರಿಹಾರ ಕೊಡೋದಾ? ತಲೆ ನೆಟ್ಟಗಿದೆಯಾ?”

ಗಾಳಿ ತುಂಬುವ ಕಂಪ್ರೆಸರ್, ಬಣ್ಣ ಹೊಡೆಸಿ ನಿಲ್ಲಿಸಿದ್ದ ಎರಡು ಗಾಡಿ ಮಾರಿದ, ಚೀಟಿ ಎತ್ತಿದ. ಆ ಎರಡು ಗಾಡಿಗಳನ್ನು ಮಾರುವಾಗ ಕೊಂಡವರನ್ನು ತಾನೇ ಆರ್‌ಟಿಓ ಆಫೀಸಿಗೆ ಕರೆದುಕೊಂಡು ಹೋಗಿ ಹೆಸರು ಬದಲಾಯಿಸಿಯೇ ಬೀಗದ ಕೈ ಕೊಟ್ಟ. ಆ ಆಫೀಸಿನ ಬೆಂಚಿನಲ್ಲಿ ಕೂತಾಗ ಅವನಿಗೆ ಹಿಂದಿನ ಗಾಡಿಗಳೆಲ್ಲ ನೆನಪಿಗೆ ಬಂದವು. ಗ್ಯಾರೇಜಿಗೆ ಬಂದು, ಬಿಡಿಭಾಗದ ಅಂಗಡಿಯವರು ಕೊಟ್ಟಿದ್ದ ಕ್ಯಾಲೆಂಡರಿನ ಹಿಂದೆ ಬರೆಯುತ್ತಾ ಹೋದ. ಇಪ್ಪತ್ತಮೂರು ಗಾಡಿ. ಶಿವಮೊಗ್ಗದಿಂದ ಭದ್ರಾವತಿಯವರೆಗೆ ಯಾರ್ಯಾರದೋ ಕೈಯಲ್ಲಿ ಅವನ ಹೆಸರು ಹೊತ್ತು ಓಡುತ್ತಿದ್ದವು. ಯಾವುದಕ್ಕೆ ಇನ್ಶೂರೆನ್ಸ್ ಇದೆ, ಯಾವುದಕ್ಕೆ ಇಲ್ಲ, ಅವನಿಗೆ ಗೊತ್ತಿರಲಿಲ್ಲ. ಭಾನುವಾರಗಳಲ್ಲಿ ಒಂದೊಂದೇ ಮನೆ ಹುಡುಕಿಕೊಂಡು ಹೋಗತೊಡಗಿದ. ಕೆಲವರು ಚಹಾ ಕೊಟ್ಟು ನಕ್ಕರು. ಕೆಲವರು ಗಾಡಿಯನ್ನು ಇನ್ನೊಬ್ಬರಿಗೆ ಮಾರಿದ್ದರು, ಅವರು ಮತ್ತೊಬ್ಬರಿಗೆ. ಕೆಂಚಪ್ಪ ಎಂಬವನೊಬ್ಬ, ನನ್ನ ಗಾಡಿ ನಿನ್ನ ಹೆಸರಲ್ಲಿದ್ದರೆ ಪೆಟ್ರೋಲೂ ನೀನೇ ಹಾಕಿಸು ಮಾರಾಯ ಎಂದನಂತೆ. ದಸ್ತಗೀರ್ ಮನೆಗೆ ಬಂದು ಇದನ್ನು ಹೇಳುವಾಗ ನಸೀಮಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತನ್ನ ಹಾಗೆಯೇ ಎಲ್ಲೋ ಒಬ್ಬಳು ಯಾವುದೋ ಗಾಡಿಯ ಹಿಂದೆ ಕೂತಿರಬಹುದು ಎಂಬ ಯೋಚನೆ ಬಂದು, ಇಳಿಹೊತ್ತಿನ ಅಸರ್ ನಮಾಜಿನ ಕೊನೆಯಲ್ಲಿ, ಕುರ್ಚಿಯ ಮೇಲೆ ಕೂತೇ, ಅವಳಿಗಾಗಿಯೂ ದುವಾ ಕೇಳಿದಳು.

ಹಣ ಕಟ್ಟುವ ದಿನವನ್ನು ಪುಟ್ಟಣ್ಣನಿಗೆ ತಿಳಿಸಿದ್ದಾಯಿತು. ದಸ್ತಗೀರ್ ಬ್ಯಾಂಕಿನಿಂದ ಡಿಡಿ ಮಾಡಿಸಿ ತಂದು ಕೋರ್ಟಿನ ಕಿಟಕಿಯಲ್ಲಿ ಕೊಟ್ಟ. ಒಂದನೇ ಎದುರುದಾರ ಎಂಬ ಜಾಗದಲ್ಲಿ ಸಹಿ ಹಾಕಿದ. ಇಬ್ಬರೂ ಹುಣಸೆ ಮರದ ಕೆಳಗಿನ ಕಲ್ಲಿನ ಮೇಲೆ ಕೂತು ಕಾದರು. ಊಟದ ಹೊತ್ತಾಯಿತು, ಕಿಟಕಿ ಮುಚ್ಚಿ ಮತ್ತೆ ತೆರೆಯಿತು, ಮತ್ತೆ ಮುಚ್ಚಿತು. ಪುಟ್ಟಣ್ಣ ಬರಲಿಲ್ಲ. ದಸ್ತಗೀರ್ ಕಂಪ್ರೆಸರ್ ಇಲ್ಲದ ಗ್ಯಾರೇಜಿಗೆ ಹೋಗಿ ಬಾಗಿಲು ಹಾಕಿಕೊಂಡು ಕೂತ.

ಮರುದಿನ ಬೆಳಿಗ್ಗೆ ಅವನು ಏಳುವುದರೊಳಗೆ ನಸೀಮಾ ಭದ್ರಾವತಿಯ ಬಸ್ಸು ಹತ್ತಿದ್ದಳು. ಅಪಘಾತದ ಮೇಲೆ ಆ ರಸ್ತೆಯಲ್ಲಿ ಅದೇ ಮೊದಲು. ಬಯ್ಯಬೇಕು ಎಂದುಕೊಂಡು ಹೊರಟಿದ್ದಳು, ಬಯ್ಯಬೇಕಾದ ಮಾತುಗಳನ್ನೂ ಜೋಡಿಸಿಕೊಂಡಿದ್ದಳು. ಆದರೆ ಬೈಗುಳಕ್ಕೆ ತನಗೆ ಹಕ್ಕಿದೆಯೇ ಎಂಬಲ್ಲಿಗೆ ಬಂದು ಪ್ರತಿ ಸಲ ಮಾತು ನಿಲ್ಲುತ್ತಿತ್ತು. ರಸ್ತೆಯ ಮೇಲೆ ಬಿದ್ದಿದ್ದಾಗಲೇ ಅವಳು ಅವನಿಗೆ ಮಾಫ್ ಮಾಡಿದ್ದಳು, ಬಾಯಲ್ಲಿ ಹೇಳಿರಲಿಲ್ಲ ಅಷ್ಟೆ. ಮಾಫ್ ಮಾಡಿದ ಮೇಲೆ ಹಣ ಕೇಳುವುದು ಮಾಫಿಯನ್ನು ವಾಪಸು ತೆಗೆದುಕೊಂಡ ಹಾಗೆಯೇ? ಎರಡು ವರ್ಷದಿಂದ ಅವಳು ಇದನ್ನೇ ತಿರುವಿ ಹಾಕುತ್ತಿದ್ದಳು. ಕಾಲು ಮಾತ್ರ ಬಸ್ಸಿನ ಪ್ರತಿ ಕುಲುಕಿಗೂ ನೋಯುತ್ತಿತ್ತು.

ಬಾಗಿಲು ತೆಗೆದವಳು ತವರಿಗೆ ಬಂದಿದ್ದ ತನುಜಾ. ಹಿಂದೆ ಅವಳ ಮಗ, ಓಡಾಡುವಷ್ಟು ದೊಡ್ಡವನು, ಕೋಲು ನೋಡಿ ಅಡಗಿದ. ತನುಜಾ ಕುರ್ಚಿ ಹಾಕಿದಳು, ನೀರು ತಂದಳು, ನಿಂತಳು. ಒಳಗಿನ ಕೋಣೆಯಲ್ಲಿ ಕೆಮ್ಮು ಕೇಳಿತು.

“ಅಪ್ಪ ನಿನ್ನೆ ಕೋರ್ಟಿಗೆ ಬಂದಿದ್ರು ನಸೀಮಕ್ಕ,” ಎಂದಳು ತನುಜಾ ತಗ್ಗಿದ ದನಿಯಲ್ಲಿ. “ಅಲ್ಲಿ ಗೇಟಿನ ತನಕ ಹೋಗಿ ವಾಪಸ್ ಬಂದ್ರು. ರಾತ್ರಿ ಊಟ ಮಾಡಿಲ್ಲ.”

ಪುಟ್ಟಣ್ಣ ಹೊರಗೆ ಬಂದ. ಎರಡು ವರ್ಷದಲ್ಲಿ ಬಹಳ ಇಳಿದುಹೋಗಿದ್ದ. ಕೂರದೆ, ಗೋಡೆಗೆ ಆತು ನಿಂತು ಹೇಳಿದ. “ಅಣ್ಣ ಕಟ್ಟಲ್ಲ ಅಂದ್ಕೊಂಡಿದ್ದೆ. ಕಟ್ಟಲ್ಲ ಅನ್ನೋ ಧೈರ್ಯದ ಮೇಲೇ ಆ ಮಾತು ಹೇಳಿ ಕಳಿಸಿದ್ದು. ಡಿಡಿ ಹಿಡ್ಕೊಂಡು ಕಿಟಕಿ ಹತ್ರ ನಿಂತಿದ್ದು ನೋಡ್ದೆ. ನನ್ನ ಜೇಬಲ್ಲಿ ಇಪ್ಪತ್ತು ಸಾವಿರ. ಯಾವ ಮುಖ ಇಟ್ಕೊಂಡು ಬರ್ಲಿ?”

ನಸೀಮಾ ಜೋಡಿಸಿಟ್ಟ ಮಾತುಗಳೆಲ್ಲ ಕೆದರಿಹೋದವು. ಅವನು ಮೋಸ ಮಾಡಿದನೋ, ನಾಚಿಕೆಪಟ್ಟನೋ? ಎರಡೂ ಇರಬಹುದು, ಎರಡೂ ಒಟ್ಟಿಗೇ ಇರಬಹುದು. ಅವಳು ನೀರು ಕುಡಿದು, ಲೋಟ ಕೆಳಗಿಟ್ಟಳು.

“ಆ ಇಪ್ಪತ್ತು ಇದೆಯಾ, ಖರ್ಚಾಯ್ತಾ?”

“ಇದೆ.”

“ಹಂಗಾದ್ರೆ ನಡೀರಿ. ಇವತ್ತು ಅದನ್ನ ಕಟ್ಟಿ. ಉಳಿದಿದ್ದು ತಿಂಗಳಿಗೆ ಇಷ್ಟು ಅಂತ ವಕೀಲ್ರ ಮುಂದೆ ಬರೆದು ಕೊಡಿ. ಬಾಯಲ್ಲಿ ಬೇಡ ಪುಟ್ಟಣ್ಣ. ನಮ್ಮಿಬ್ಬರ ಮನೆಯಲ್ಲೂ ಬಾಯಿಮಾತಿಂದಲೇ ಇಷ್ಟೆಲ್ಲ ಆಗಿದ್ದು. ತಾರೀಖು ಹಾಕಿ ಬರೆದು ಕೊಡಿ.”

“ಸಂಬಳ ಜಪ್ತಿ ಮಾಡಿಸಲ್ವಾ?”

“ಅಂಗಡಿಯವರಿಗೆ ಕೋರ್ಟಿನ ಕಾಗದ ಹೋದ್ರೆ ನಿಮ್ಮನ್ನ ಇಟ್ಕೋತಾರಾ? ಆಮೇಲೆ ಯಾವ ಸಂಬಳದಲ್ಲಿ ಕೊಡ್ತೀರಿ? ಆದ್ರೆ ಒಂದು ತಿಂಗಳು ತಪ್ಪಿದ್ರೂ ನಾನು ಜಪ್ತಿಗೆ ಹಾಕ್ತೀನಿ. ಹಾಕೇ ಹಾಕ್ತೀನಿ. ಕಾಲು ನಂದು.”

ಅಷ್ಟು ಗಟ್ಟಿಯಾಗಿ ತಾನು ಮಾತಾಡಬಲ್ಲೆ ಎಂದು ಅವಳಿಗೇ ಗೊತ್ತಿರಲಿಲ್ಲ. ಪುಟ್ಟಣ್ಣ ಒಳಗೆ ಹೋಗಿ ಅಂಗಿ ಬದಲಿಸಿ ಬಂದ. ಬಸ್ಸಿನಲ್ಲಿ ಅವಳ ಹಿಂದಿನ ಸೀಟಿನಲ್ಲಿ ಕೂತ. ಮಲವಗೊಪ್ಪ ಬಂದಾಗ ಅವಳು ಕಿಟಕಿಯ ಹೊರಗೆ ನೋಡಲಿಲ್ಲ, ಅವನು ನೋಡಿದನೋ ಏನೋ.

ದಸ್ತಗೀರ್ ಕಟ್ಟಿದ ಹಣ ಕೋರ್ಟಿನಿಂದ ಅವಳ ಖಾತೆಗೆ ಬರಲು ಹತ್ತು ವಾರ ಹಿಡಿಯಿತು. ಅದರಲ್ಲೂ ಒಂದು ಪಾಲನ್ನು ಅವಳ ಹೆಸರಿನಲ್ಲಿ ಮೂರು ವರ್ಷ ಠೇವಣಿ ಇಡಬೇಕೆಂದು ಆದೇಶವಾಗಿತ್ತು. ನನ್ನ ಕಂಪ್ರೆಸರ್ ಮೂರು ವರ್ಷ ಬ್ಯಾಂಕಿನಲ್ಲಿ ಕೂತಿರುತ್ತದೆ ಎಂದು ದಸ್ತಗೀರ್ ಗ್ಯಾರೇಜಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಪುಟ್ಟಣ್ಣನ ಕಂತು ಮೊದಲ ತಿಂಗಳು ಬಂತು, ಎರಡನೆಯ ತಿಂಗಳು ಒಂಬತ್ತು ದಿನ ತಡವಾಗಿ ಬಂತು. ಕೈಗೆ ಸಿಕ್ಕಿದ್ದು ಆಪರೇಷನ್ನಿಗೆ ಸಾಲುವಷ್ಟಿತ್ತು, ಅದಕ್ಕಿಂತ ಹೆಚ್ಚಿರಲಿಲ್ಲ.

ದಾಖಲಾಗುವ ದಿನ ಆಸ್ಪತ್ರೆಯ ಕೌಂಟರಿನಲ್ಲಿ ಒಂದು ಫಾರಂ ಕೊಟ್ಟರು. ದಸ್ತಗೀರ್ ಕನ್ನಡಕ ಹಾಕಿಕೊಂಡು ನಿಧಾನವಾಗಿ ತುಂಬಿಸುತ್ತಾ ಬಂದವನು ಒಂದು ಕಡೆ ನಿಂತ. ಖರ್ಚು ಭರಿಸುವವರು ಯಾರು ಎಂದಿತ್ತು. ಅವನು ಪೆನ್ನಿನ ತುದಿಯನ್ನು ಅಲ್ಲೇ ಇಟ್ಟುಕೊಂಡು ಅವಳ ಕಡೆ ನೋಡಿದ. ಕೇಳಿದ್ದು ಸಣ್ಣ ಪ್ರಶ್ನೆ. ಕಂಪ್ರೆಸರ್ ಮಾರಿದವನು ಅವನು, ಕಟ್ಟಿಸಿಕೊಂಡದ್ದು ಕೋರ್ಟು, ಅಪ್ಪಣೆ ಕೊಟ್ಟದ್ದು ನ್ಯಾಯಾಧೀಶರು, ಇಪ್ಪತ್ತು ಸಾವಿರ ಪುಟ್ಟಣ್ಣನದು. ನಸೀಮಾ ಒಂದು ಗಳಿಗೆ ಇದನ್ನೆಲ್ಲ ಬಿಡಿಸಿ ನೋಡಲು ಹೋಗಿ ಬಿಟ್ಟುಬಿಟ್ಟಳು.

“ನನ್ನ ಹೆಸರು ಬರೀರಿ,” ಎಂದಳು.

ಅವನು ಬರೆದ. ಅವಳು ಫಾರಂ ಎಳೆದುಕೊಂಡು, ಸರಿಯಾಗಿ ಬರೆದಿದ್ದಾನೆಯೇ ಎಂದು ಅಕ್ಷರ ಅಕ್ಷರ ನೋಡಿ, ಕೆಳಗೆ ಸಹಿ ಹಾಕಿ, ಅವತ್ತಿನ ತಾರೀಖು ಎಷ್ಟೆಂದು ಕೌಂಟರಿನ ಹುಡುಗಿಯನ್ನು ಕೇಳಿದಳು.